ಬಳಿಯದ ಬಣ್ಣ, ಮಾಸದ ಗುರುತು

ಕಾಲಿನ ಎಲುಬು ಮುರಿದ ರೋಗಿಯೊಬ್ಬನನ್ನು ಶಸ್ತ್ರಕ್ರಿಯೆಯ ಮೇಜಿನ ಮೇಲೆ ಮಲಗಿಸಿದ್ದಾರೆಂದು ಭಾವಿಸೋಣ. ಮುರಿದ ತುಂಡುಗಳನ್ನು ಹೊಂದಿಸಿ, ಅವುಗಳ ಮೇಲೊಂದು ಲೋಹದ ಪಟ್ಟಿಯನ್ನಿಟ್ಟು, ತಿರುಪುಮೊಳೆಗಳಿಂದ ಬಿಗಿಯಬೇಕಾಗಿದೆ. ಬಡಗಿಯು ಮರಕ್ಕೆ ತಿರುಪು ಹಾಕುವ ಮೊದಲು ಬೈರಿಗೆಯಿಂದ ತೂತು ಕೊರೆಯುವಂತೆ ಶಸ್ತ್ರವೈದ್ಯನೂ ಮೊದಲು ಎಲುಬಿನಲ್ಲಿ ತೂತು ಕೊರೆಯುತ್ತಾನೆ. ಸಾಮಾನ್ಯವಾಗಿ 3.5 ಮಿಲಿಮೀಟರ್ ವ್ಯಾಸದ ತಿರುಪಿಗೆ 2.5 ಮಿಲಿಮೀಟರಿನ ತೂತು; 4.5 ಮಿಲಿಮೀಟರಿನದಕ್ಕೆ 3.2 ಮಿಲಿಮೀಟರಿನ ತೂತು. ತೂತು ದೊಡ್ಡದಾದರೆ ತಿರುಪಿನ ಸುತ್ತುಗಳಿಗೆ ಹಿಡಿತ ಸಿಗದು. ಚಿಕ್ಕದಾದರೆ ತಿರುಪು ಮುರಿಯಬಹುದು, ಇಲ್ಲವೆ ಎಲುಬು ಸೀಳಬಹುದು. 2.5ಕ್ಕೂ 3.2ಕ್ಕೂ ಇರುವ ಅಂತರವಾದರೋ ಒಂದು ಮಿಲಿಮೀಟರಿಗಿಂತ ಕಡಮೆ. ಪಕ್ಕದ ತಟ್ಟೆಯಲ್ಲಿ ಹತ್ತಾರು ಬೈರಿಗೆಯ ಮೊನೆಗಳೂ ತಿರುಪುಗಳೂ ಹೊಳೆಯುತ್ತಿವೆ. ಎಲ್ಲವೂ ಬಿಳುಪು, ಎಲ್ಲವೂ ಒಂದೇ ತೆರ. ವೈದ್ಯನು ಕೈ ಚಾಚುತ್ತಾನೆ. ದಾದಿಯು ಕ್ಷಣಮಾತ್ರದಲ್ಲಿ ಸರಿಯಾದುದನ್ನು ಆರಿಸಿ ಆ ಕೈಯಲ್ಲಿಡಬೇಕು.

ಇಂತಹ ಕಡೆ ಕಣ್ಣಿಗೆ ಎಲ್ಲಕ್ಕಿಂತ ಬೇಗನೆ ಕಾಣುವ ಗುರುತು ಬಣ್ಣ. ಮೊನೆಗೊಂದು ಹಸಿರು ಉಂಗುರ, ಅದಕ್ಕೆ ಹೊಂದುವ ತಿರುಪಿಗೂ ಅದೇ ಹಸಿರು ಎಂದಿದ್ದರೆ ಮಾತೇ ಬೇಕಿಲ್ಲ. ಇಷ್ಟು ಸುಲಭದ ಉಪಾಯವನ್ನು ಜಾರಿಗೆ ತರಲು ಏನು ಕಷ್ಟ, ಒಂದಿಷ್ಟು ಬಣ್ಣ ಬಳಿದರಾಯಿತಲ್ಲವೆ ಎಂದು ಓದುಗರು ಕೇಳಬಹುದು. ಕಷ್ಟವಿರುವುದು ಆ 'ಬಳಿಯುವ' ಮಾತಿನಲ್ಲೇ. ಅದು ಹೇಗೆ, ಮತ್ತು ಬಳಿಯದೆಯೇ ಲೋಹಕ್ಕೆ ಬಣ್ಣ ಬರಿಸುವ ದಾರಿ ಯಾವುದು ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ಎಲ್ಲವೂ ಒಂದೇ ತೆರ ಆದದ್ದು ಹೇಗೆ?

ಶಸ್ತ್ರವೈದ್ಯನ ಸಲಕರಣೆಗಳು ಹಿಂದೆ ಹೀಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುಗಾಲದವರೆಗೂ ಚಾಕು ಗರಗಸಗಳಿಗೆ ದಂತದ ಹಿಡಿ, ಕರಿಮರದ ಹಿಡಿ, ಕೊಂಬಿನ ಹಿಡಿ ಹಾಕಿರುತ್ತಿದ್ದರು. ನೋಡಲು ಅಂದವಾಗಿದ್ದುವು, ಒಂದರಿಂದ ಒಂದನ್ನು ಗುರುತಿಸುವುದೂ ಸುಲಭವಾಗಿತ್ತು. ಆದರೆ ಆ ಹಿಡಿಗಳ ಕೆತ್ತನೆಯ ಸಂದಿಗಳಲ್ಲಿ ರಕ್ತ ಕೀವುಗಳು ಸೇರಿ, ಒಬ್ಬ ರೋಗಿಯ ನಂಜು ಇನ್ನೊಬ್ಬನಿಗೆ ದಾಟುತ್ತಿತ್ತು. 1867ರಲ್ಲಿ ಜೋಸೆಫ್ ಲಿಸ್ಟರನು ಕಾರ್ಬಾಲಿಕ್ ಆಮ್ಲದಿಂದ ಗಾಯದ ನಂಜನ್ನು ತಡೆಯುವ ತನ್ನ ಕ್ರಮವನ್ನು ಪ್ರಕಟಿಸಿದನು. 1879ರಲ್ಲಿ ಪಾಶ್ಚರನ ಸಹೋದ್ಯೋಗಿ ಚಾರ್ಲ್ಸ್ ಷಾಂಬರ್ಲಾನನು ಒತ್ತಡದ ಉಗಿಯಿಂದ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಪಾತ್ರೆಯನ್ನು ರೂಪಿಸಿದನು. ಇದೇ ಇಂದಿನ ಆಟೊಕ್ಲೇವಿನ ಮೂಲ. ನಮ್ಮ ಅಡಿಗೆಮನೆಯ ಕುಕ್ಕರಿನ ದೊಡ್ಡಣ್ಣನೆಂದು ಇದನ್ನು ಕರೆಯಬಹುದು.

ಆ ಉಗಿಯ ಮುಂದೆ ದಂತವೂ ಮರವೂ ನಿಲ್ಲಲಿಲ್ಲ, ಬಿರಿದುವು, ಸೊಟ್ಟಗಾದುವು. ತುದಿಯಿಂದ ಹಿಡಿಯವರೆಗೆ ಇಡಿಯಾಗಿ ಲೋಹದಿಂದಲೇ ಮಾಡಿದ ಸಲಕರಣೆಗಳು ಬಳಕೆಗೆ ಬಂದುವು. ಉಕ್ಕು ತುಕ್ಕು ಹಿಡಿಯುವುದೆಂದು ಅದಕ್ಕೆ ನಿಕಲ್ ಗಿಲೀಟು ಹಾಕಿದರು. ಕ್ರಮೇಣ ಗಿಲೀಟೂ ಎದ್ದು ಉದುರುತ್ತಿತ್ತು. 1913ರಲ್ಲಿ ಇಂಗ್ಲೆಂಡಿನ ಷೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿಯು ನೂರಕ್ಕೆ ಸುಮಾರು 13 ಭಾಗ ಕ್ರೋಮಿಯಮ್ ಬೆರೆತ ಉಕ್ಕನ್ನು ಎರಕಹೊಯ್ದನು. ಈ ಸ್ಟೇನ್‌ಲೆಸ್ ಸ್ಟೀಲಿಗೆ ಗಿಲೀಟೇ ಬೇಕಿರಲಿಲ್ಲ. ಹೀಗೆ ನಂಜಿನ ಭಯ ಹಿಂದೆ ಸರಿಯಿತು. ಜೊತೆಗೆ ಸಲಕರಣೆಗಳ ಮುಖಚಹರೆಯೂ ಅಳಿಸಿಹೋಯಿತು. ಶುದ್ಧಿಗಾಗಿ ತೆತ್ತ ಬೆಲೆ ಈ ಏಕರೂಪ.

ಬಳಿದ ಬಣ್ಣ ಏಕೆ ನಿಲ್ಲುವುದಿಲ್ಲ?

ಸಲಕರಣೆಯೊಂದರ ದಿನಚರಿಯನ್ನು ನೋಡಿದರೆ ಇದು ತಿಳಿಯುತ್ತದೆ. ಶಸ್ತ್ರಕ್ರಿಯೆ ಮುಗಿದೊಡನೆ ಅದನ್ನು ಕ್ಷಾರದ್ರವದಲ್ಲಿ ತೊಳೆಯುತ್ತಾರೆ. ಕಿವಿಗೆ ಕೇಳಿಸದ ಶಬ್ದತರಂಗಗಳಿಂದ ಅದರ ಸಂದುಗೊಂದುಗಳ ಕೊಳೆಯನ್ನು ಕದಲಿಸುತ್ತಾರೆ. ಅನಂತರ 121 ಅಥವಾ 134 ಡಿಗ್ರಿ ಸೆಲ್ಸಿಯಸ್ ಉಗಿಯಲ್ಲಿ ಇಡುತ್ತಾರೆ. ಒಂದು ಕತ್ತರಿಯು ತನ್ನ ಆಯುಷ್ಯದಲ್ಲಿ ನೂರಾರು ಸಲ ಈ ಚಕ್ರದಲ್ಲಿ ಸುತ್ತಬೇಕು.

ಕಾದ ವಸ್ತುಗಳು ಹಿಗ್ಗುತ್ತವೆಂಬುದು ನಮಗೆಲ್ಲ ಗೊತ್ತು. ಆದರೆ ಎಲ್ಲವೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಒಂದು ಮೀಟರ್ ಉದ್ದದ ಉಕ್ಕಿನ ಸರಳನ್ನು 100 ಡಿಗ್ರಿಯಷ್ಟು ಕಾಯಿಸಿದರೆ ಅದು ಉಕ್ಕಿನ ಜಾತಿಗನುಸಾರವಾಗಿ 1ರಿಂದ 1.7 ಮಿಲಿಮೀಟರ್ ಬೆಳೆಯುತ್ತದೆ. ಅಷ್ಟೇ ಉದ್ದದ ಪ್ಲಾಸ್ಟಿಕ್ಕು ಅನೇಕ ವೇಳೆ 5 ಮಿಲಿಮೀಟರಿಗೂ ಹೆಚ್ಚು ಬೆಳೆಯುತ್ತದೆ. ಉಕ್ಕಿಗೆ ಅಂಟಿದ ಬಣ್ಣದ ಪೊರೆ ಅಷ್ಟು ಹಿಗ್ಗಲು ಬಯಸುತ್ತದೆ. ಕೆಳಗಿರುವ ಲೋಹ ಬಿಡುವುದಿಲ್ಲ. ತಣಿಯುವಾಗ ಇದೇ ಜಗ್ಗಾಟ ತಿರುಗುಮುರುಗಾಗುತ್ತದೆ. ನೂರು ಸಲ ಹೀಗೆ ಜಗ್ಗಿದ ಪೊರೆಯಲ್ಲಿ ಕೂದಲೆಳೆಯಂತಹ ಬಿರುಕು ಮೂಡುತ್ತದೆ; ಬಿರುಕಿನೊಳಗೆ ನೀರು ಸೇರುತ್ತದೆ; ಕೊನೆಗೆ ಬಣ್ಣ ಹಕ್ಕಳೆಯಾಗಿ ಏಳುತ್ತದೆ.

ಹಲವು ಆಸ್ಪತ್ರೆಗಳಲ್ಲಿ ಸಲಕರಣೆಗಳ ಹಿಡಿಗೆ ಬಣ್ಣದ ಅಂಟುಪಟ್ಟಿಯನ್ನು ಸುತ್ತುವ ರೂಢಿಯುಂಟು. ಅಗ್ಗವಾದ ಉಪಾಯ, ಯಾವ ಸಲಕರಣೆ ಯಾವ ತಟ್ಟೆಗೆ ಸೇರಿದ್ದೆಂದು ವಿಂಗಡಿಸಲು ಅನುಕೂಲ. ಆದರೆ ಪಟ್ಟಿಯ ಅಂಚು ಎದ್ದಾಗ ಅದರಡಿ ರಕ್ತದ ಕಣ ಸೇರಿಕೊಂಡು ಸೂಕ್ಷ್ಮಜೀವಿಗಳಿಗೆ ಆಸರೆಯಾಗುತ್ತದೆ. ಇನ್ನೂ ಕೆಟ್ಟದ್ದೆಂದರೆ, ಒಣಗಿದ ಪಟ್ಟಿಯ ಚೂರೊಂದು ತೆರೆದ ಗಾಯದೊಳಗೆ ಬೀಳಬಹುದು. ಆದ್ದರಿಂದ ಪಟ್ಟಿಗಳನ್ನು ಆಗಾಗ ಪರೀಕ್ಷಿಸಿ ಬದಲಾಯಿಸಲೇಬೇಕು. ದಂತದ ಹಿಡಿಯನ್ನು ಯಾವ ಕಾರಣಕ್ಕಾಗಿ ಹೊರಗೆ ಹಾಕಿದೆವೋ ಅದೇ ದೋಷ ಹಿಂಬಾಗಿಲಿನಿಂದ ಒಳಗೆ ಬಂದಂತಾಯಿತು.

ಹಾಗಾದರೆ ನಮಗೆ ಬೇಕಾದ ಬಣ್ಣ ಎಂತಹುದು? ಅದು ಲೋಹದ ಮೇಲೆ ಕುಳಿತ ಅತಿಥಿಯಾಗಿರದೆ ಲೋಹದಲ್ಲೇ ಹುಟ್ಟಿದ ಮಗುವಾಗಿರಬೇಕು. ದೇಹಕ್ಕೆ ಕೆಡುಕಾಗುವ ಯಾವ ರಾಸಾಯನಿಕವೂ ಅದರಲ್ಲಿರಬಾರದು. ಅಂತಹ ಬಣ್ಣವುಂಟೆ? ಉಂಟು. ನಾವೆಲ್ಲರೂ ಚಿಕ್ಕಂದಿನಲ್ಲಿ ಅದರೊಡನೆ ಆಡಿದ್ದೇವೆ.

ವರ್ಣದ್ರವ್ಯವಿಲ್ಲದ ವರ್ಣ

ಸಾಬೂನಿನ ನೀರಿಗೆ ಬಣ್ಣವಿಲ್ಲ, ಗಾಳಿಗೂ ಇಲ್ಲ. ಎರಡೂ ಸೇರಿ ಆದ ಗುಳ್ಳೆಯ ಮೇಲೆ ಮಾತ್ರ ನವಿಲಿನ ಕತ್ತಿನ ಬಣ್ಣಗಳೆಲ್ಲ ಹರಿದಾಡುತ್ತವೆ. ಮಳೆ ನಿಂತ ಮೇಲೆ ಟಾರು ರಸ್ತೆಯ ನೀರಿನಲ್ಲಿ ಒಂದು ತೊಟ್ಟು ಎಣ್ಣೆ ಬಿದ್ದರೂ ಅದೇ ಬಗೆಯ ಬಣ್ಣ. ರಾಬರ್ಟ್ ಹುಕ್ಕನು 1665ರಲ್ಲಿ ಪ್ರಕಟವಾದ ತನ್ನ 'ಮೈಕ್ರೊಗ್ರಾಫಿಯ' ಗ್ರಂಥದಲ್ಲಿ ಅಭ್ರಕದ ತೆಳುವಾದ ಹಾಳೆಗಳ ಬಣ್ಣಗಳನ್ನೂ ಕಾಯಿಸಿದ ಉಕ್ಕಿನ ಮೇಲೆ ಮೂಡುವ ಬಣ್ಣಗಳನ್ನೂ ಒಟ್ಟಿಗೆ ವಿಚಾರಮಾಡಿದ್ದಾನೆ. ನ್ಯೂಟನ್ನನು 1704ರ 'ಆಪ್ಟಿಕ್ಸ್'ನಲ್ಲಿ ಪೊರೆಯ ದಪ್ಪಕ್ಕೂ ಬಣ್ಣಕ್ಕೂ ಇರುವ ಸಂಬಂಧವನ್ನು ಅಳೆದು ತೋರಿಸಿದನು. ಸರಿಯಾದ ವಿವರಣೆ ಕೊಟ್ಟವನು ಥಾಮಸ್ ಯಂಗ್. 1801ರಲ್ಲಿ, ಬೆಳಕು ಅಲೆಯೆಂಬ ವಾದದಿಂದ.

ತೆಳುವಾದ ಪೊರೆಯ ಮೇಲೆ ಬೆಳಕು ಬಿದ್ದಾಗ ಅದರ ಒಂದು ಭಾಗ ಮೇಲ್ಮೈಯಿಂದಲೇ ಹಿಂದಿರುಗುತ್ತದೆ. ಉಳಿದುದು ಒಳಹೊಕ್ಕು, ತಳವನ್ನು ಮುಟ್ಟಿ, ಅಲ್ಲಿಂದ ಪ್ರತಿಫಲಿಸಿ ಹೊರಬರುತ್ತದೆ. ಎರಡನೆಯದು ಹೆಚ್ಚು ದೂರ ನಡೆದುದರಿಂದ ಸ್ವಲ್ಪ ಹಿಂದೆ ಬೀಳುತ್ತದೆ. ಒಂದು ಅಲೆಯ ಉಬ್ಬು ಇನ್ನೊಂದರ ಉಬ್ಬಿನೊಡನೆ ಕೂಡಿದರೆ ಬೆಳಕು ಬಲಗೊಳ್ಳುತ್ತದೆ. ಉಬ್ಬು ತಗ್ಗಿನೊಡನೆ ಕೂಡಿದರೆ ಕುಗ್ಗುತ್ತದೆ. ಇದಕ್ಕೆ ವ್ಯತಿಕರಣವೆಂದು ಹೆಸರು. ಬಿಳಿಯ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಇವೆ. ನೀಲಿಯ ಅಲೆ ಗಿಡ್ಡ, ಕೆಂಪಿನದು ಉದ್ದ. ಪೊರೆಯ ದಪ್ಪವು ನೀಲಿಯನ್ನು ಕುಗ್ಗಿಸುವಂತಿದ್ದರೆ ಉಳಿದ ಬೆಳಕು ನಮ್ಮ ಕಣ್ಣಿಗೆ ಹಳದಿಯಾಗಿ ಕಾಣುತ್ತದೆ. ಹಳದಿಯನ್ನು ಕುಗ್ಗಿಸುವಂತಿದ್ದರೆ ನೀಲಿಯಾಗಿ ಕಾಣುತ್ತದೆ. ಇಲ್ಲಿ ಬಣ್ಣವೆಂಬುದು ವಸ್ತುವಲ್ಲ, ಒಂದು ಅಳತೆ.

ಗುಳ್ಳೆಯ ಬಣ್ಣ ಒಂದೆಡೆ ನಿಲ್ಲದಿರುವುದು ಅದರ ಪೊರೆಯ ದಪ್ಪ ಕ್ಷಣಕ್ಷಣಕ್ಕೂ ಬದಲಾಗುವುದರಿಂದ. ಅದೇ ಪೊರೆಯನ್ನು ಕಲ್ಲಿನಂತೆ ಗಟ್ಟಿಮಾಡಿ ಲೋಹಕ್ಕೆ ಬೆಸೆದರೆ ಬಣ್ಣವೂ ಗಟ್ಟಿಯಾಗಿ ನಿಲ್ಲಬೇಕು. ಟೈಟೇನಿಯಮ್ ಲೋಹವು ಮಾಡುವುದು ಇದನ್ನೇ.

ವೋಲ್ಟೇಜೇ ಬಣ್ಣಗಾರ

ಟೈಟೇನಿಯಮ್ ಉಕ್ಕಿಗಿಂತ ಹಗುರ. ದೇಹದೊಳಗೆ ಇಟ್ಟರೆ ಎಲುಬು ಅದರೊಡನೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಗಾಳಿ ತಾಕಿದೊಡನೆ ಅದರ ಮೇಲೆ ಕೆಲವೇ ನ್ಯಾನೊಮೀಟರ್ ದಪ್ಪದ ಆಕ್ಸೈಡಿನ ಪೊರೆ ತಾನಾಗಿ ಕಟ್ಟಿಕೊಳ್ಳುತ್ತದೆ. (ಒಂದು ಮಿಲಿಮೀಟರಿನಲ್ಲಿ 10 ಲಕ್ಷ ನ್ಯಾನೊಮೀಟರುಗಳಿವೆ.) ಬಣ್ಣ ಕಾಣಿಸಲು ಅದು ತೀರ ತೆಳು. ಅದನ್ನು ಬೇಕಾದಷ್ಟು ದಪ್ಪಗೆ ಬೆಳೆಸಲು ವಿದ್ಯುತ್ತನ್ನು ಬಳಸುತ್ತಾರೆ. ಇಟಲಿಯ ಲಿಯೊಪಾಲ್ಡೊ ನೊಬಿಲಿಯು 1826ರಷ್ಟು ಹಿಂದೆಯೇ ಲವಣದ್ರಾವಣದಲ್ಲಿ ವಿದ್ಯುತ್ತನ್ನು ಹರಿಸಿ ಲೋಹದ ತಗಡುಗಳ ಮೇಲೆ ಬಣ್ಣದ ಉಂಗುರಗಳನ್ನು ಮೂಡಿಸಿದ್ದನು. ಟೈಟೇನಿಯಮ್ಮಿನ ಕ್ರಮವೂ ಅದೇ ವಂಶದ್ದು. ಸೌಮ್ಯವಾದ ಆಮ್ಲ ಅಥವಾ ಲವಣದ್ರಾವಣದಲ್ಲಿ ಟೈಟೇನಿಯಮ್ ತುಂಡನ್ನು ಮುಳುಗಿಸಿ, ಅದನ್ನು ವಿದ್ಯುತ್ ಮೂಲದ ಧನಧ್ರುವಕ್ಕೆ ಸೇರಿಸಿದರೆ ನೀರಿನ ಆಕ್ಸಿಜನ್ ಲೋಹದೊಡನೆ ಕೂಡಿ ಪೊರೆ ಬೆಳೆಯುತ್ತದೆ.

ಇಲ್ಲಿಯ ಸ್ವಾರಸ್ಯವೆಂದರೆ ಪೊರೆ ಎಲ್ಲಿ ನಿಲ್ಲಬೇಕೆಂಬುದನ್ನು ತಾನೇ ತಿಳಿದಿದೆ. ಪೊರೆಯ ಮೂಲಕ ಅಯಾನುಗಳು ಸಾಗಬೇಕಾದರೆ ಅತಿ ಪ್ರಬಲವಾದ ವಿದ್ಯುತ್ ಕ್ಷೇತ್ರ ಬೇಕು. ಅದು ಸುಮಾರು ಪ್ರತಿ ಎರಡು ನ್ಯಾನೊಮೀಟರಿಗೆ ಒಂದು ವೋಲ್ಟ್, ಎಂದರೆ ಮೀಟರಿಗೆ 50 ಕೋಟಿ ವೋಲ್ಟ್! ಗಾಳಿಯಲ್ಲಿ ಕಿಡಿ ಹಾರಲು ಬೇಕಾಗುವುದು ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್ ಮಾತ್ರ. ವೋಲ್ಟೇಜನ್ನು ಸ್ಥಿರವಾಗಿಟ್ಟರೆ ಪೊರೆ ದಪ್ಪವಾದಂತೆಲ್ಲ ಕ್ಷೇತ್ರ ಇಳಿಯುತ್ತದೆ. ಒಂದು ಹಂತದಲ್ಲಿ ಬೆಳವಣಿಗೆ ನಿಂತುಹೋಗುತ್ತದೆ. ಆದ್ದರಿಂದ ವೋಲ್ಟಿಗೊಂದು ದಪ್ಪ, ದಪ್ಪಕ್ಕೊಂದು ಬಣ್ಣ. ಸುಮಾರು 10ರಿಂದ 15 ವೋಲ್ಟಿನಲ್ಲಿ ಹೊನ್ನಿನ ಹಳದಿ, 20ರ ಸುಮಾರಿಗೆ ನೇರಿಳೆ, 25-30ರಲ್ಲಿ ನೀಲಿ, 55-60ರಲ್ಲಿ ಮತ್ತೆ ಹಳದಿ, ಅನಂತರ ಗುಲಾಬಿ, ಮತ್ತೆ ನೇರಿಳೆ, 100ರ ಹತ್ತಿರ ಹಸಿರು. ಕುಂಚವೂ ಇಲ್ಲ, ಬಣ್ಣದ ಡಬ್ಬಿಯೂ ಇಲ್ಲ.

ಹಳದಿ ಎರಡು ಸಲ ಬಂದುದೇಕೆ? ಇದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕಹಾಕಿ ನೋಡಬಹುದು. ನೀಲಿ ಬೆಳಕಿನ ತರಂಗದೂರ ಸುಮಾರು 450 ನ್ಯಾನೊಮೀಟರ್. ಪೊರೆಯ ವಕ್ರೀಭವನಾಂಕ ಸುಮಾರು 2.4, ಆದ್ದರಿಂದ ಪೊರೆಯೊಳಗೆ ಆ ಅಲೆಯ ಉದ್ದ 450 ÷ 2.4, ಅಂದರೆ ಸುಮಾರು 188 ನ್ಯಾನೊಮೀಟರ್. ಬೆಳಕು ಪೊರೆಯಲ್ಲಿ ಹೋಗಿ ಬರುತ್ತದೆಯಾಗಿ ಪೊರೆಯು ಇದರ ಅರ್ಧದಷ್ಟು, ಅಂದರೆ 94 ನ್ಯಾನೊಮೀಟರ್ ದಪ್ಪವಾದರೆ ದಾರಿಯಲ್ಲಿ ಒಂದು ಪೂರ್ಣ ಅಲೆ ಹೆಚ್ಚುತ್ತದೆ. ನೀಲಿ ಮತ್ತೆ ಮೊದಲಿನಂತೆಯೇ ಕುಗ್ಗುತ್ತದೆ. ವೋಲ್ಟಿಗೆ 2 ನ್ಯಾನೊಮೀಟರಿನಂತೆ 94 ನ್ಯಾನೊಮೀಟರಿಗೆ 47 ವೋಲ್ಟ್. ಮೊದಲ ಹಳದಿ 10-15ರಲ್ಲಿ ಬಂದರೆ ಎರಡನೆಯದು 57-62ರಲ್ಲಿ ಬರಬೇಕು. ಬರುವುದೂ ಹೆಚ್ಚುಕಡಮೆ ಅಲ್ಲಿಯೇ! ಮೊದಲ ಹಳದಿಯ ಸ್ಥಾನವನ್ನೇ ಲೆಕ್ಕಹಾಕಬೇಕಾದರೆ ಲೋಹದಿಂದ ಪ್ರತಿಫಲಿಸುವಾಗ ಅಲೆಯ ಏರಿಳಿತದಲ್ಲಿ ಆಗುವ ಪಲ್ಲಟವನ್ನೂ ಸೇರಿಸಬೇಕು. ಎರಡು ಹಳದಿಗಳ ಅಂತರಕ್ಕೆ ಆ ತೊಡಕಿಲ್ಲ.

ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಇದನ್ನು ವಿದ್ಯಾರ್ಥಿಗಳಿಗೆ ತೋರಿಸುತ್ತೇವೆ. ಒಂದು ಗಾಜಿನ ಲೋಟದಲ್ಲಿ ಸ್ವಲ್ಪ ವಾಷಿಂಗ್ ಸೋಡ ಕರಗಿಸಿದ ನೀರು. ಋಣಧ್ರುವಕ್ಕೆ ಒಂದು ಸ್ಟೀಲಿನ ಚಮಚ. ಧನಧ್ರುವಕ್ಕೆ ಚೆನ್ನಾಗಿ ತೊಳೆದ ಟೈಟೇನಿಯಮ್ ತಗಡಿನ ಚೂರು. 9 ವೋಲ್ಟಿನ ಒಂದು ಬ್ಯಾಟರಿಗೆ ತಗಡು ಹೊಂಬಣ್ಣವಾಗುತ್ತದೆ, ಎರಡನ್ನು ಸಾಲಾಗಿ ಜೋಡಿಸಿದರೆ ನೇರಿಳೆ, ಮೂರಕ್ಕೆ ನೀಲಿ. ಬಣ್ಣ ಬರಲು ಕೆಲವು ಕ್ಷಣಗಳು ಸಾಕು. ಮಾಡಿ ನೋಡುವವರು ಅಧ್ಯಾಪಕರ ಎದುರಿನಲ್ಲಿ, ಗಾಳಿಯಾಡುವ ಕೋಣೆಯಲ್ಲಿ ಮಾಡಬೇಕು; ಮೂರು ಬ್ಯಾಟರಿಗಳಿಗಿಂತ ಹೆಚ್ಚು ಜೋಡಿಸಬಾರದು. ತಗಡನ್ನು ಎಣ್ಣೆಯ ಬೆರಳಿನಿಂದ ಮುಟ್ಟಿದರೆ ಬಣ್ಣ ಮಂಕಾಗುವುದನ್ನೂ, ತೊಳೆದರೆ ಮರಳುವುದನ್ನೂ ಗಮನಿಸಬೇಕು. ಎಣ್ಣೆಯೂ ಒಂದು ಪೊರೆಯಷ್ಟೆ.

ಈ ಪೊರೆ ಟೈಟೇನಿಯಮ್ ಡೈಆಕ್ಸೈಡು. ಗೋಡೆಗೆ ಬಳಿಯುವ ಬಿಳಿಯ ಬಣ್ಣದಲ್ಲಿರುವ ಪುಡಿಯೂ ಇದೇ! ಪುಡಿಯಾಗಿ ಬಿಳುಪು, ಪೊರೆಯಾಗಿ ನೂರು ಬಣ್ಣ. ದೇಹದ ರಸಗಳಲ್ಲಿ ಅದು ಕರಗುವುದಿಲ್ಲವೆಂದೇ ಹೇಳಬಹುದು. ಅದು ಲೋಹದಿಂದಲೇ ಬೆಳೆದುದಾದ್ದರಿಂದ ಹಕ್ಕಳೆಯಾಗಿ ಏಳುವುದಿಲ್ಲ. ಮನುಷ್ಯನ ಕೂದಲಿನ ನೂರಾರು ಪಾಲು ತೆಳುವಾದುದರಿಂದ ತಿರುಪಿನ ಅಳತೆಯೂ ಕೆಡುವುದಿಲ್ಲ. ಎಲುಬಿನ ತಿರುಪುಗಳು, ಹಲ್ಲಿನ ಬೇರಿಗೆ ಬದಲಾಗಿ ಕೂರಿಸುವ ಮೊಳೆಗಳು ಇಂದು ಗುಲಾಬಿ, ನೀಲಿ, ಹಸಿರು ಬಣ್ಣಗಳಲ್ಲಿ ಬರುವುದು ಹೀಗೆ.

ಉಕ್ಕಿಗೇಕೆ ಈ ಭಾಗ್ಯವಿಲ್ಲ?

ಆದರೆ ಕತ್ತರಿ ಇಕ್ಕಳಗಳಲ್ಲಿ ಹೆಚ್ಚಿನವು ಇಂದಿಗೂ ಉಕ್ಕಿನವು. ಹರಿತವಾದ ಅಲಗಿಗೆ ಬೇಕಾದ ಗಡಸುತನ ಉಕ್ಕಿನಲ್ಲಿದೆ. ಉಕ್ಕಿಗೆ ಬಣ್ಣ ಬರದೆಂದಲ್ಲ. ಕುಲುಮೆಯ ಮುಂದೆ ನಿಂತು ನೋಡಿದವರಿಗೆ ಇದು ಗೊತ್ತು. ಕಮ್ಮಾರನು ಉಳಿಗೆ ಹದ ಕೊಡುವಾಗ ಉಜ್ಜಿದ ಉಕ್ಕಿನ ಮೇಲೆ ಸುಮಾರು 230 ಡಿಗ್ರಿಯಲ್ಲಿ ಹುಲ್ಲಿನ ಹಳದಿ, 280ರಲ್ಲಿ ನೇರಿಳೆ, 300ರಲ್ಲಿ ನೀಲಿ ಓಡುವುದನ್ನು ಕಾಣುತ್ತೇವೆ. ಅವನಿಗೆ ಅದೇ ಉಷ್ಣಮಾಪಕ. ಅದೂ ಆಕ್ಸೈಡಿನ ಪೊರೆಯ ಬಣ್ಣವೇ.

ಸ್ಟೇನ್‌ಲೆಸ್ ಸ್ಟೀಲನ್ನು ತುಕ್ಕಿನಿಂದ ಕಾಯುವುದು ಕ್ರೋಮಿಯಮ್ ತುಂಬಿದ, 1ರಿಂದ 3 ನ್ಯಾನೊಮೀಟರಿನ ಪೊರೆ. ಬಲವಾಗಿ ಕಾಯಿಸಿ ಬಣ್ಣ ಬರಿಸಹೊರಟರೆ ಪೊರೆ ದಪ್ಪವಾಗುತ್ತದೆ, ನಿಜ. ಆದರೆ ಅದು ತನ್ನಡಿಯ ಲೋಹದ ಕ್ರೋಮಿಯಮ್ಮನ್ನು ಹೀರಿಕೊಂಡು ಬೆಳೆಯುತ್ತದೆ. ಕ್ರೋಮಿಯಮ್ ಕಳೆದುಕೊಂಡ ಆ ಪದರ ತುಕ್ಕಿಗೆ ಬಲಿಯಾಗುತ್ತದೆ. ಅಲಗಿನ ಗಡಸೂ ಇಳಿಯಬಹುದು. ಬಣ್ಣ ಗಳಿಸಲು ಹೋಗಿ ಕವಚ ಕಳೆದುಕೊಂಡಂತೆ.

ಆದ್ದರಿಂದ ಉಕ್ಕಿಗೆ ಬೇರೆ ದಾರಿಗಳನ್ನು ಹುಡುಕಿದ್ದಾರೆ. ನಿರ್ವಾತದಲ್ಲಿ ಟೈಟೇನಿಯಮ್ ನೈಟ್ರೈಡಿನ ಕೆಲವು ಮೈಕ್ರಾನ್ ದಪ್ಪದ ಪದರವನ್ನು ಕೂರಿಸುವುದು ಒಂದು. ಇದರ ಹೊಂಬಣ್ಣ ವ್ಯತಿಕರಣದ್ದಲ್ಲ. ಚಿನ್ನದಲ್ಲಿರುವಂತೆ ಇಲೆಕ್ಟ್ರಾನುಗಳು ನೀಲಿಯನ್ನು ಹೀರುವುದರಿಂದ ಬಂದದ್ದು. ಅದು ಉಕ್ಕಿಗಿಂತಲೂ ಗಡಸು. ಆದರೆ ಬಣ್ಣಗಳ ಆಯ್ಕೆ ಸ್ವಲ್ಪ. ಕತ್ತರಿಯ ಹಿಡಿಯ ಉಂಗುರಗಳಿಗೆ ಚಿನ್ನದ ಗಿಲೀಟು ಹಾಕಿದ್ದರೆ ಅದರ ಅಲಗಿನಲ್ಲಿ ಟಂಗ್‌ಸ್ಟನ್ ಕಾರ್ಬೈಡ್ ಕೂರಿಸಿದೆಯೆಂದು ಅರ್ಥ; ಇದು ಬಹುಕಾಲದಿಂದ ನಡೆದುಬಂದ ಸಂಕೇತ. ಲೇಸರ್ ಕಿರಣದಿಂದ ಕಪ್ಪು ಅಕ್ಷರಗಳನ್ನೂ ಚುಕ್ಕೆಗಳ ಚೌಕವನ್ನೂ ಬರೆಯುವುದು ಇನ್ನೊಂದು. ಯಂತ್ರಗಳು ಆ ಚೌಕವನ್ನು ಓದಿ ಸಲಕರಣೆಯ ಇಡೀ ಜಾತಕವನ್ನು ಹೇಳಬಲ್ಲವು. ಸಲಕರಣೆಗಳನ್ನಿಡುವ ಅಲ್ಯೂಮಿನಿಯಮ್ ಪೆಟ್ಟಿಗೆಗಳ ಕಥೆ ಮತ್ತೊಂದು: ಅವುಗಳ ಆಕ್ಸೈಡಿನ ಪದರದಲ್ಲಿ ಜೇನುಗೂಡಿನಂತಹ ಸೂಕ್ಷ್ಮರಂಧ್ರಗಳಿರುತ್ತವೆ. ಅವುಗಳೊಳಗೆ ನಿಜವಾದ ಬಣ್ಣವನ್ನೇ ಇಳಿಸಿ, ಕುದಿಯುವ ನೀರಿನಿಂದ ಬಾಯಿ ಮುಚ್ಚುತ್ತಾರೆ. ಚೆನ್ನಾಗಿಯೇ ನಿಲ್ಲುತ್ತದೆ, ಪ್ರಬಲವಾದ ಕ್ಷಾರದಲ್ಲಿ ತೊಳೆದರೆ ಮಾತ್ರ ಆಕ್ಸೈಡೇ ಕರಗಿ ಬಣ್ಣ ಕೈಬಿಡುತ್ತದೆ.

ಬಣ್ಣದ ಮಾತನ್ನು ಎಷ್ಟು ನಂಬಬೇಕು?

ಟೈಟೇನಿಯಮ್ಮಿನ ಬಣ್ಣಕ್ಕೂ ಮಿತಿಗಳಿವೆ. ಎಚ್ಚರಿಕೆಯ ಬಣ್ಣವೆಂದು ಎಲ್ಲರೂ ಬಯಸುವ ಅಚ್ಚ ಕೆಂಪು ಅದರಲ್ಲಿ ಬರುವುದಿಲ್ಲ, ಕಪ್ಪೂ ಇಲ್ಲ. ಉಜ್ಜಾಟ ಹೆಚ್ಚಿರುವ ಕಡೆ ಪೊರೆ ಗೀಚಿಹೋಗುತ್ತದೆ. ಪ್ರಬಲ ಕ್ಷಾರವೂ ಹೈಡ್ರೊಜನ್ ಪೆರಾಕ್ಸೈಡೂ ಬಣ್ಣವನ್ನು ಪಲ್ಲಟಗೊಳಿಸಬಹುದು.

ಇವೆಲ್ಲಕ್ಕಿಂತ ದೊಡ್ಡ ಮಾತು ಮನುಷ್ಯರದು. ಹಲ್ಲಿನ ಬೇರಿನ ನಾಳವನ್ನು ಶುಚಿಮಾಡುವ ಅರಗಳ ಹಿಡಿಗಳಿಗೆ ಅಂತರರಾಷ್ಟ್ರೀಯ ಒಪ್ಪಂದದ ಬಣ್ಣಗಳಿವೆ: 15ನೆಯ ಸಂಖ್ಯೆಗೆ ಬಿಳಿ, 20ಕ್ಕೆ ಹಳದಿ, 25ಕ್ಕೆ ಕೆಂಪು, 30ಕ್ಕೆ ನೀಲಿ, 35ಕ್ಕೆ ಹಸಿರು, 40ಕ್ಕೆ ಕಪ್ಪು. ಸಂಖ್ಯೆ ಸೂಚಿಸುವುದು ತುದಿಯ ವ್ಯಾಸವನ್ನು, ಮಿಲಿಮೀಟರಿನ ನೂರನೆಯ ಭಾಗಗಳಲ್ಲಿ. ಯಾವ ದೇಶದ ವೈದ್ಯನಿಗೂ ಆ ಕೆಂಪಿನ ಅರ್ಥ ಒಂದೇ. ಎಲುಬಿನ ತಿರುಪುಗಳಲ್ಲಾದರೋ ತಯಾರಕರು ತಮತಮಗೆ ತೋರಿದ ಸಂಕೇತಗಳನ್ನು ಇಟ್ಟುಕೊಂಡಿದ್ದಾರೆ. ಒಬ್ಬರ ಹಸಿರನ್ನು ಇನ್ನೊಬ್ಬರ ಹಸಿರೆಂದು ಭಾವಿಸಿದರೆ ಬಣ್ಣವೇ ದಾರಿ ತಪ್ಪಿಸುತ್ತದೆ. ಗಂಡಸರಲ್ಲಿ ನೂರಕ್ಕೆ ಕೆಲವರಿಗೆ ಕೆಂಪು ಹಸಿರುಗಳ ಭೇದ ಸರಿಯಾಗಿ ತಿಳಿಯದೆಂಬುದನ್ನೂ ಮರೆಯಲಾಗದು. ಆದುದರಿಂದ ಬಣ್ಣದ ಪಕ್ಕದಲ್ಲಿ ಅಂಕಿಯೂ ಇರಬೇಕು. ಅಂಕಿಯನ್ನು ಓದುವ ಅಭ್ಯಾಸವೂ ಇರಬೇಕು.

ಮತ್ತೆ ಶಸ್ತ್ರಕ್ರಿಯೆಯ ಕೋಣೆಗೆ ಹಿಂದಿರುಗೋಣ. ವೈದ್ಯನ ಕೈ ಇನ್ನೂ ಚಾಚಿಯೇ ಇದೆ. ದಾದಿಯು ತಟ್ಟೆಯ ಹತ್ತಾರು ಮೊನೆಗಳ ನಡುವೆ ಹಸಿರು ಉಂಗುರವನ್ನು ಕಣ್ಣಿನಿಂದ ಆರಿಸುತ್ತಾಳೆ, ಅದರ ಮೇಲಿನ 2.5 ಎಂಬ ಅಂಕಿಯನ್ನು ಬಾಯಿಬಿಟ್ಟು ಓದುತ್ತಾಳೆ, ಕೈಗಿಡುತ್ತಾಳೆ. ಸಾಬೂನಿನ ಗುಳ್ಳೆಯ ಮೇಲೆ ಒಂದು ಗಳಿಗೆ ಮಿನುಗಿ ಒಡೆದುಹೋಗುವ ಬಣ್ಣ ಟೈಟೇನಿಯಮ್ ತಿರುಪಿನ ಮೇಲೆ ನೆಲೆನಿಂತು, ಅಪರಿಚಿತನಾದ ರೋಗಿಯೊಬ್ಬನ ಕಾಲನ್ನು ಕಾಯುತ್ತಿದೆ. ಹುಕ್ಕನೂ ನ್ಯೂಟನ್ನನೂ ಯಂಗನೂ ತೆಳುವಾದ ಪೊರೆಗಳ ಬಣ್ಣವನ್ನು ಕುತೂಹಲದಿಂದ ನೋಡಿದಾಗ ಈ ತಿರುಪು ಯಾರ ಕನಸಿನಲ್ಲಿಯೂ ಇರಲಿಲ್ಲ.